ವಿಜ್ಞಾನಿಗಳು ಹೇಳಿದ್ಮೇಲೂ ಜನರನ್ನ ಯಾಕೆ ಕೇಳ್ಬೇಕು?

ನಮಸ್ಕಾರ. ಪುಣೆಯಿಂದ ನೀವು ಬರೆದ ಕಾಗದ ಎರಡು ಸಲ ಓದಿದೆ. ನಿಮ್ಮ ಪುಣೆಯವರೇ ಆದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಪಶ್ಚಿಮ ಘಟ್ಟ ಉಳಿಸೋ ಬಗ್ಗೆ ಅಷ್ಟು ದೊಡ್ಡ ವರದಿ ಕೊಟ್ರೂ ಸರ್ಕಾರ ಪಕ್ಕಕ್ಕಿಟ್ಟಿತಲ್ಲ, ಇಂಥದ್ದನ್ನೆಲ್ಲ ವಿಜ್ಞಾನಿಗಳ ಕೈಗೇ ಕೊಟ್ಟುಬಿಡಿ, ಜನರನ್ನ ಕೇಳೋದೇ ಬೇಡ ಅಂದಿದ್ದೀರಿ. ನಿಮ್ಮ ಸಿಟ್ಟು ನನಗೂ ಇದೆ. ಆದ್ರೆ ಜನ ಬೇಡ ಅನ್ನೋದನ್ನ ನಾನು ಒಪ್ಪಲ್ಲ, ಗಾಡ್ಗೀಳರೂ ಒಪ್ಪಿದವರಲ್ಲ.

ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ಇದ್ದಾಗ ಉತ್ತರ ಕನ್ನಡದ ಕಾಡಲ್ಲಿ ಬಿದಿರಿನ ಅಧ್ಯಯನ ಮಾಡಿದ್ರು. ಆಗ ಬಿದಿರು ಮೆಳೆಯ ಬುಡದಲ್ಲಿ ಹೆಣೆದುಕೊಂಡಿರೋ ಮುಳ್ಳನ್ನೆಲ್ಲ ಸವರಿ ಹಾಕಿಸ್ತಿದ್ರು, ಹಂಗೆ ಮಾಡಿದ್ರೆ ಬಿದಿರು ಚೆನ್ನಾಗಿ ಬೆಳೆಯುತ್ತೆ ಅನ್ನೋದು ಅರಣ್ಯ ಅಧಿಕಾರಿಗಳ ಲೆಕ್ಕ. ಊರವರು ಮಾತ್ರ, ಮುಳ್ಳು ಹೋದ್ರೆ ದನ, ಕಾಡುಪ್ರಾಣಿ ಎಲ್ಲ ಬಂದು ಎಳೆ ಕಳಲೆ ತಿಂದುಹಾಕ್ತವೆ, ಹೊಸ ಬಿದಿರು ಎಲ್ಲಿಂದ ಬರ್ಬೇಕು ಅಂತಿದ್ರು. ಗಾಡ್ಗೀಳರು ಅಳೆದು ನೋಡಿದ್ರೆ ಊರವರ ಮಾತೇ ನಿಜ. ವಿಜ್ಞಾನ ಅಂದ್ರೆ ನನಗೆ ಇದು, ಯಾರು ಹೇಳಿದ್ರು ಅಂತಲ್ಲ, ಪರೀಕ್ಷೆ ಮಾಡಿದಾಗ ನಿಲ್ಲುತ್ತಾ ಅಂತ.

ಈಗ ವರದಿಗೆ ಬರ್ತೀನಿ. 2011ರ ಆಗಸ್ಟಲ್ಲಿ ಕೊಟ್ಟಿದ್ದು. ಹೊರಗೆ ಬಂದಿದ್ದು 2012ರ ಮೇನಲ್ಲಿ, ಅದೂ ಆರ್‌ಟಿಐ ಹಾಕಿ, ಮಾಹಿತಿ ಆಯೋಗ ಆದೇಶ ಕೊಟ್ಟು, ದೆಹಲಿ ಹೈಕೋರ್ಟಿನವರೆಗೂ ಹೋದ್ಮೇಲೆ. ಅದನ್ನ ಊರೂರಿನ ಭಾಷೆಗೆ ಅನುವಾದ ಮಾಡಿ ಗ್ರಾಮಸಭೆಗಳ ಮುಂದಿಡಿ, ಯಾವ ಜಾಗಕ್ಕೆ ಯಾವ ನಿಯಮ ಅಂತ ಅಲ್ಲೇ ಚರ್ಚೆ ಆಗಲಿ ಅನ್ನೋದು ಗಾಡ್ಗೀಳರ ಪಟ್ಟು. ಅದು ಆಗ್ಲಿಲ್ಲ, ವರದಿಗಿಂತ ಮುಂಚೆ ಗಾಳಿಸುದ್ದಿ ಊರು ತಲುಪಿತ್ತು. ಆ ವರ್ಷ ರಜೆಗೆ ಮುಂಬೈಯಿಂದ ಊರಿಗೆ ಹೋಗಿದ್ದೆ, ನಮ್ಮ ಪಕ್ಕದ ಮನೆ ಅಜ್ಜ ಅಡಿಕೆ ಸುಲಿಯೋದು ಬಿಟ್ಟು ಎದ್ದು ಬಂದು "ಇನ್ನು ಕೊಟ್ಟಿಗೆ ಕಟ್ಟೋಕೂ ದಿಲ್ಲಿ ಪರ್ಮಿಶನ್ ಬೇಕಂತಲ್ಲ ಮಾರಾಯಾ?" ಅಂತ ಕೇಳಿದ್ರು. ಪಾಪ, ಅವರ ಕೈಲಿ ಓದೋಕೆ ಕನ್ನಡದ ಒಂದು ಹಾಳೆ ಇರ್ಲಿಲ್ಲ. ಅವರನ್ನ ವಿಜ್ಞಾನದ ವಿರೋಧಿ ಅಂತ ಹೆಂಗೆ ಹೇಳ್ಲಿ?

ಆಮೇಲೆ ಈ ವರದಿಯನ್ನ ಮತ್ತೆ ಪರಿಶೀಲಿಸೋಕೆ ಸರ್ಕಾರ ನೇಮಿಸಿದ ಕಸ್ತೂರಿರಂಗನ್ ಸಮಿತಿ 2013ರಲ್ಲಿ, ಘಟ್ಟದ ಸುಮಾರು 37% ಪರಿಸರ ಸೂಕ್ಷ್ಮ ಪ್ರದೇಶ, ಅಂದ್ರೆ ಹಾಳಾಗದಂತೆ ವಿಶೇಷವಾಗಿ ಕಾಪಾಡ್ಬೇಕಾದ ಜಾಗ ಅಂತು. ಆ ಜಾಗಗಳನ್ನ ಗುರುತಿಸಿ 2014ರಿಂದ ಕೇಂದ್ರದ ಕರಡು ಅಧಿಸೂಚನೆ ಬರ್ತಾನೇ ಇದೆ, ಆರನೇದು ಬಂದಿದ್ದು 2024ರ ಜುಲೈ 31ಕ್ಕೆ, ವಯನಾಡಿನಲ್ಲಿ ಗುಡ್ಡ ಜರಿದ ಮಾರನೇ ದಿನ.

ಗುಡ್ಡ ಎಲ್ಲಿ ಜರಿಯಬಹುದು, ಎಷ್ಟು ಅಗೆದ್ರೆ ಹೊಳೆ ಬತ್ತುತ್ತೆ ಅನ್ನೋದನ್ನ ವಿಜ್ಞಾನಿಗಳೇ ಹೇಳ್ಬೇಕು, ಅಲ್ಲಿ ವೋಟಿಗೆ ಕೆಲಸ ಇಲ್ಲ. ಅದು ಗೊತ್ತಾದ್ಮೇಲೆ ಏನು ಬಿಡ್ಬೇಕು, ನಷ್ಟ ಆದೋರಿಗೆ ಏನು ಕೊಡ್ಬೇಕು ಅನ್ನೋದು ಅಲ್ಲೇ ಬದುಕೋರ ಜೊತೆ ಕೂತು ತೀರ್ಮಾನ ಆಗ್ಬೇಕು.

ಆ ಕರಡಲ್ಲಿ ಹಳ್ಳಿಗಳ ಹೆಸರಿನ ಪಟ್ಟಿನೇ ಇದೆ. ನಿಮ್ಮ ಮೂಲ ಊರು ಯಾವ ತಾಲೂಕು ಅಂತ ಬರೆಯಿರಿ, ಒಟ್ಟಿಗೆ ಹುಡುಕೋಣ.