ಎಲ್ಲ ಮುಚ್ಚಿದರೂ ಫೈಲ್ ಡಿಲೀಟ್ ಆಗುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಕಲಬುರಗಿಯಲ್ಲಿ ನನ್ನದೊಂದು ಸಣ್ಣ ಜೆರಾಕ್ಸ್, ಡಿಟಿಪಿ ಅಂಗಡಿ ಇದೆ. ವಿಂಡೋಸ್ ಕಂಪ್ಯೂಟರ್. ಗಿರಾಕಿಗಳ ಆಧಾರ್, ಪಹಣಿ ಸ್ಕ್ಯಾನ್‌ಗಳನ್ನು ಸಂಜೆ ಡಿಲೀಟ್ ಮಾಡುತ್ತೇನೆ. ಕೆಲವು ಪಿಡಿಎಫ್‌ಗಳು ‘ಬೇರೆ ಪ್ರೋಗ್ರಾಂನಲ್ಲಿ ತೆರೆದಿದೆ’ ಎನ್ನುತ್ತವೆ. ನಾನು ಎಲ್ಲ ಮುಚ್ಚಿರುತ್ತೇನೆ. ಇನ್ನೊಂದು ಫೋಲ್ಡರ್‌ಗೆ ‘ಹೆಸರು ತುಂಬಾ ಉದ್ದ’ ಎಂದು ಬರುತ್ತದೆ. ಫೋರ್ಸ್ ಡಿಲೀಟ್ ಸಾಫ್ಟ್‌ವೇರ್ ಹಾಕಲೇ ಸರ್?
– ಓದುಗರೊಬ್ಬರು, ಕಲಬುರಗಿ

ಉತ್ತರ: ಹಾಕಬೇಡಿ. ಊರಿನವರ ಆಧಾರ್ ಪ್ರತಿಗಳಿರುವ ಕಂಪ್ಯೂಟರ್ ಅದು. ಎಲ್ಲಿಂದಲೋ ಇಳಿಸಿಕೊಂಡ ಸಾಫ್ಟ್‌ವೇರ್‌ಗೆ ಅದರ ಬೀಗದ ಕೈ ಕೊಡುವುದು ಬೇಡ. ದಿನಾ ಸಂಜೆ ಅಳಿಸುತ್ತೀರಲ್ಲ, ಆ ಅಭ್ಯಾಸ ಬಹಳ ಒಳ್ಳೆಯದು.

ಒಂದು ಪ್ರೋಗ್ರಾಂ ಫೈಲನ್ನು ಹಿಡಿದುಕೊಂಡಿದ್ದರೆ ವಿಂಡೋಸ್ ಸಾಮಾನ್ಯವಾಗಿ ಅದನ್ನು ಅಳಿಸಲು ಬಿಡುವುದಿಲ್ಲ. ಹಿಡಿದವರು ಯಾರು ಅಂತ ಮೊದಲು ನೋಡಬೇಕು. ನಿಮ್ಮ ಪಿಡಿಎಫ್ ವಿಷಯದಲ್ಲಿ ನನಗೆ ಮೊದಲ ಅನುಮಾನ ಪ್ರಿವ್ಯೂ ಪೇನ್ ಮೇಲೆ. ಫೋಲ್ಡರ್‌ನಲ್ಲಿ ಫೈಲ್ ಮೇಲೆ ಒಮ್ಮೆ ಕ್ಲಿಕ್ ಮಾಡಿದರೆ ಬಲಗಡೆ ಅದರ ಪುಟ ಕಾಣಿಸುತ್ತದಾ? ಹಾಗಿದ್ದರೆ ಆ ಫೈಲ್ ಅಲ್ಲಿ ತೆರೆದೇ ಇದೆ. ಆಲ್ಟ್ ಜೊತೆ ಪಿ ಒತ್ತಿ ಅದನ್ನು ಮುಚ್ಚಿ, ಮತ್ತೆ ಡಿಲೀಟ್ ಮಾಡಿ.

ಆಗಲೂ ಹೋಗಲಿಲ್ಲವೇ? ಸ್ಟಾರ್ಟ್‌ನಲ್ಲಿ ‘ರಿಸೋರ್ಸ್ ಮಾನಿಟರ್’ ಹುಡುಕಿ ತೆರೆಯಿರಿ. ಸಿಪಿಯು ಟ್ಯಾಬ್‌ನಲ್ಲಿ ‘ಅಸೋಸಿಯೇಟೆಡ್ ಹ್ಯಾಂಡಲ್ಸ್’ ಪಕ್ಕದ ಖಾನೆಯಲ್ಲಿ ಫೈಲ್ ಹೆಸರು ಹಾಕಿ. ಹಿಡಿದಿರುವ ಪ್ರೋಗ್ರಾಂ ಹೆಸರು ಬರುತ್ತದೆ. ಪಿಡಿಎಫ್ ರೀಡರೋ ಸ್ಕ್ಯಾನರ್ ಸಾಫ್ಟ್‌ವೇರೋ ಆಗಿದ್ದರೆ ರೈಟ್ ಕ್ಲಿಕ್ ಮಾಡಿ ‘ಎಂಡ್ ಪ್ರೊಸೆಸ್’ ಕೊಡಿ. ಸಿಸ್ಟಮ್ ಎಂದಿದ್ದರೆ ಮುಟ್ಟಬೇಡಿ, ರೀಸ್ಟಾರ್ಟ್ ಮಾಡಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟೇ. ಫಾಸ್ಟ್ ಸ್ಟಾರ್ಟ್‌ಅಪ್ (ಕಂಪ್ಯೂಟರ್ ಬೇಗ ಶುರುವಾಗಲೆಂದು ವಿಂಡೋಸ್‌ನಲ್ಲಿರುವ ಸೌಲಭ್ಯ) ಆನ್ ಇದ್ದರೆ ಶಟ್‌ಡೌನ್ ಮಾಡಿದಾಗ ಸಿಸ್ಟಮ್ ಪೂರ್ತಿ ಹೊಸದಾಗಿ ಶುರುವಾಗುವುದಿಲ್ಲ.

ಉದ್ದ ಹೆಸರಿನ ಗೋಳು ಕನ್ನಡದಲ್ಲಿ ಹೆಸರಿಡುವವರಿಗೆ ಜಾಸ್ತಿ. ಡ್ರೈವ್‌ನಿಂದ ಫೈಲ್‌ವರೆಗಿನ ಪೂರ್ತಿ ದಾರಿಗೆ ವಿಂಡೋಸ್‌ನ ಹಳೆಯ ಮಿತಿ 260 ಅಕ್ಷರ. ‘ಲಕ್ಷ್ಮಿ’ ನಮ್ಮ ಕಣ್ಣಿಗೆ ಎರಡೇ ಅಕ್ಷರ. ಕಂಪ್ಯೂಟರ್ ಅದನ್ನು ಏಳು ಎಂದು ಎಣಿಸುತ್ತದೆ: ಲ, ಕ, ಷ, ಮ, ಒತ್ತಕ್ಷರ ಮಾಡುವ ಎರಡು ಅರ್ಧಾಕ್ಷರ ಚಿಹ್ನೆ (್), ಒಂದು ಗುಡಿಸು. ಗಿರಾಕಿಯ ಪೂರ್ತಿ ಹೆಸರು, ಊರು, ಸರ್ವೆ ನಂಬರ್ ಹಾಕಿ, ಫೋಲ್ಡರ್ ಒಳಗೆ ಫೋಲ್ಡರ್ ಮಾಡುತ್ತಾ ಹೋದರೆ 260 ಬೇಗ ತುಂಬುತ್ತದೆ. ಹೊರಗಿನ ಫೋಲ್ಡರ್‌ಗಳಿಗೆ ಒಂದೊಂದೇ ಅಕ್ಷರದ ಹೆಸರು ಕೊಡಿ. ದಾರಿ ಚಿಕ್ಕದಾಗುತ್ತದೆ, ಒಳಗಿನದು ಡಿಲೀಟ್ ಆಗುತ್ತದೆ.

ಹಾಗೇ, ಸ್ಕ್ಯಾನರ್ ಸಾಫ್ಟ್‌ವೇರ್ ತನ್ನದೇ ಫೋಲ್ಡರ್‌ನಲ್ಲಿ ಇನ್ನೊಂದು ಪ್ರತಿ ಇಟ್ಟುಕೊಂಡಿರಬಹುದು. ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಒಳಗೆ ಇವತ್ತೇ ಒಮ್ಮೆ ನೋಡಿ. ಆಮೇಲೆ ರೀಸೈಕಲ್ ಬಿನ್ ಕೂಡ ಖಾಲಿ ಮಾಡಿ.