ಪೋ ನಿಜಕ್ಕೂ ಕುಡುಕನೇ?

ಪ್ರಶ್ನೆ: ಮಾನ್ಯರೇ, ಅಮೆರಿಕದ ಲೇಖಕ ಎಡ್ಗರ್ ಅಲನ್ ಪೋ ಬರೆದ ಕಥೆಯೊಂದು ನಮಗೆ ಪದವಿ ತರಗತಿಯಲ್ಲಿ ಪಾಠವಾಗಿದೆ. ಆತ ಮಹಾ ಕುಡುಕ, ಅರೆಹುಚ್ಚ, ಹದಿಮೂರರ ಹುಡುಗಿಯನ್ನು ಮದುವೆಯಾದವನು ಎಂದು ಗೈಡಿನಲ್ಲಿದೆ. ಇದರಲ್ಲಿ ನಿಜವೆಷ್ಟು?
– ವಿದ್ಯಾರ್ಥಿನಿ, ಬದಿಯಡ್ಕ

ಉತ್ತರ: ಮದುವೆಯ ಮಾತು ನಿಜ. 1836ರಲ್ಲಿ 27ರ ಪೋ 13ರ ವರ್ಜೀನಿಯಾ ಕ್ಲೆಮ್‌ಳ ಕೈಹಿಡಿದ. ಆಕೆ ಸೋದರತ್ತೆಯ ಮಗಳು. ಇಂತಹ ಸಂಬಂಧ ಕಾಸರಗೋಡಿನ ಹಲವು ಮನೆತನಗಳಿಗೆ ಹೊಸತಲ್ಲವಾದರೂ, ಮದುವೆಯ ದಾಖಲೆಯಲ್ಲಿ ಹುಡುಗಿಗೆ 21 ತುಂಬಿದೆಯೆಂದು ಬರೆಸಿದ್ದನ್ನು ಸಮರ್ಥಿಸಲು ನನ್ನಿಂದಾಗದು.

ಕುಡಿತದ ವಿಷಯ ಅಷ್ಟು ಸಲೀಸಲ್ಲ. ಮೂರು ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡ ಪೋನನ್ನು ರಿಚ್ಮಂಡ್‌ನ ವ್ಯಾಪಾರಿ ಜಾನ್ ಅಲನ್ ಸಾಕಿದರು. ಆದರೆ ಕಾನೂನಿನಂತೆ ದತ್ತು ತೆಗೆದುಕೊಳ್ಳಲಿಲ್ಲ, 1834ರಲ್ಲಿ ತೀರಿಕೊಂಡಾಗ ಉಯಿಲಿನಲ್ಲಿ ಬಿಡಿಗಾಸನ್ನೂ ಇಡಲಿಲ್ಲ. ಆ ಮೇಲೆ ಬರವಣಿಗೆಯೊಂದೇ ಅನ್ನದ ದಾರಿ. ಅದರಲ್ಲೂ ಕುಡಿದು ಕೆಲಸಕ್ಕೆ ಕುತ್ತು ತಂದುಕೊಂಡದ್ದುಂಟು, ಅದನ್ನು ಮುಚ್ಚಿಡಬೇಕಾಗಿಲ್ಲ.

1842ರ ಜನವರಿಯಲ್ಲಿ ಹಾಡುತ್ತಿದ್ದ ವರ್ಜೀನಿಯಾಳ ಬಾಯಿಂದ ರಕ್ತ ಬಂತು: ಕ್ಷಯ. ಐದು ವರ್ಷ ಆಕೆ ಇನ್ನೇನು ಹೋದಳೆನ್ನುವಷ್ಟರಲ್ಲಿ ಚೇತರಿಸಿಕೊಳ್ಳುವುದು, ಮತ್ತೆ ಹಾಸಿಗೆ ಹಿಡಿಯುವುದು ನಡೆದೇ ಇತ್ತು. ಫೋರ್ಡಮ್‌ನ ಪುಟ್ಟ ಮನೆಯಲ್ಲಿ ಚಳಿಗೆ ಹೊದೆಯಲು ಸಾಕಷ್ಟು ಬಟ್ಟೆಯಿಲ್ಲದೆ, ಗಂಡನ ಹಳೆಯ ಸೈನಿಕ ಕೋಟನ್ನು ಹೊದ್ದು, ಎದೆಯ ಮೇಲೆ ಸಾಕುಬೆಕ್ಕನ್ನು ಮಲಗಿಸಿಕೊಂಡು ಮೈ ಬಿಸಿಮಾಡಿಕೊಳ್ಳುತ್ತಿದ್ದಳೆಂದು ನೋಡಿದವರು ಬರೆದಿದ್ದಾರೆ. 1847ರ ಜನವರಿ 30ರಂದು ತೀರಿಕೊಂಡಳು. ತನ್ನ ಹುಚ್ಚಿಗೆ ಕುಡಿತವೇ ಕಾರಣವೆಂದು ವೈರಿಗಳು ಹೇಳುತ್ತಾರೆ, ನಿಜದಲ್ಲಿ ಹೆಂಡತಿಯ ಕಾಯಿಲೆ ತಂದ ಹುಚ್ಚೇ ಕುಡಿತಕ್ಕೆ ಕಾರಣ ಎಂದು ಮರುವರ್ಷ ಪೋ ಒಂದು ಪತ್ರದಲ್ಲಿ ಬರೆದ. ತನ್ನ ಪರವಾಗಿ ತಾನೇ ಆಡಿದ ಮಾತು ಅದು, ನಿಜ; ಆದರೂ ತಾರೀಖುಗಳು ಬಹುಮಟ್ಟಿಗೆ ಅವನ ಕಡೆಗಿವೆ.

ಗೈಡಿನ 'ಮಹಾ ಕುಡುಕ' ಹುಟ್ಟಿದ್ದು ಪೋನ ಮೇಲೆ ಹಗೆಯಿದ್ದ ವಿಮರ್ಶಕ ರೂಫಸ್ ಗ್ರಿಸ್ವಲ್ಡ್‌ನ ಲೇಖನಿಯಿಂದ. ಪೋ ಸತ್ತ ಎರಡೇ ದಿನಕ್ಕೆ ಈತ ಸುಳ್ಳು ಹೆಸರಿನಲ್ಲಿ ಕಟುವಾದ ನಿಧನವಾರ್ತೆ ಬರೆದ. ಮುಂದೆ ಪೋನ ಕೃತಿಗಳ ಸಂಪಾದಕನೂ ಆಗಿ, ಅವನ ಪತ್ರಗಳನ್ನೇ ತಿದ್ದಿ ಅಚ್ಚುಹಾಕಿದ. ಆ ಕಳ್ಳತಿದ್ದುಗಳನ್ನು ವಿದ್ವಾಂಸ ಆರ್ಥರ್ ಕ್ವಿನ್ 1941ರಲ್ಲಿ ಬಯಲಿಗೆಳೆಯುವ ಹೊತ್ತಿಗೆ ಕಥೆ ಎಲ್ಲೆಡೆ ಬೇರೂರಿತ್ತು.

1849ರ ಅಕ್ಟೋಬರ್ 3ರಂದು ಬಾಲ್ಟಿಮೋರ್‌ನಲ್ಲಿ, ತನ್ನದಲ್ಲದ ಬಟ್ಟೆಯಲ್ಲಿ, ಎಚ್ಚರ ತಪ್ಪಿದಂತಿದ್ದ ಪೋ 7ರಂದು ಆಸ್ಪತ್ರೆಯಲ್ಲಿ ಸತ್ತ. ಕಾರಣವೇನೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಆದುದರಿಂದ ಕುಡಿದೇ ಸತ್ತನೆಂದು ಪರೀಕ್ಷೆಯಲ್ಲಿ ಬರೆಯಬೇಡಿ.