ಮೂಳೆ ಟೊಳ್ಳಾಗುವ ಅಪಾಯ ಯಾರಿಗೆ ಹೆಚ್ಚು?

ಡೊಂಬಿವಲಿಯ ಫ್ಲ್ಯಾಟಿನಲ್ಲೇ ದಿನ ಕಳೆಯುವ 52 ವರ್ಷದ ನಿಮ್ಮ ತಾಯಿಗೆ ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಬೇಕೇ ಎಂದು ಕೇಳಿದ್ದೀರಿ. ಮುಟ್ಟು 45ಕ್ಕೆ ಮುಂಚೆಯೇ ನಿಂತಿತೇ? ಅವರ ಅಪ್ಪ-ಅಮ್ಮನಿಗೆ ಸೊಂಟದ ಮೂಳೆ ಮುರಿದಿತ್ತೇ? ನಿಂತಲ್ಲಿಂದ ಬಿದ್ದಷ್ಟಕ್ಕೇ ಮಣಿಕಟ್ಟು ಮುರಿದದ್ದುಂಟೇ? ಎತ್ತರ 4 ಸೆಂ.ಮೀ. ಕುಗ್ಗಿದೆಯೇ? ಒಂದಕ್ಕೆ ಹೌದೆಂದರೂ ಮಾಡಿಸಿ.

ಆಸ್ತಮಾಕ್ಕೋ ಸಂಧಿವಾತಕ್ಕೋ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆಯನ್ನು 3 ತಿಂಗಳು ನುಂಗಿದ್ದರಂತೂ ತಡಮಾಡಬೇಡಿ. ಸ್ಟೀರಾಯ್ಡ್ ಮೂಳೆ ಕಟ್ಟುವ ಕೋಶಗಳನ್ನೇ ಕುಗ್ಗಿಸುತ್ತದೆ, ಮೊದಲ ತಿಂಗಳುಗಳಲ್ಲೇ ಸವೆತ ಜೋರು. ಆದರೆ ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಸ್ಕ್ಯಾನ್ ವರದಿಯಲ್ಲಿ ಟಿ-ಸ್ಕೋರ್ (ಆರೋಗ್ಯವಂತ ಯುವ ವಯಸ್ಕರ ಮೂಳೆಗೆ ಹೋಲಿಸಿದ ಅಂಕ) -2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ರೋಗ.

ಗಾಜು ಮುಚ್ಚಿದ ಬಾಲ್ಕನಿಯ ಬಿಸಿಲಿನಿಂದ ಮೂಳೆಗೆ ಬೇಕಾದ ವಿಟಮಿನ್ ಡಿ ಆಗದು. ಅದಕ್ಕೆ ಬೇಕಾದ ಬಿಸಿಲಿನ ಯುವಿ-ಬಿ ಕಿರಣವನ್ನು ಗಾಜು ತಡೆಯುತ್ತದೆ. ಟೆರೇಸಿಗೆ ಹೋಗಲಿ. ಊಟದಲ್ಲಿ ಅನ್ನವೇ ಹೆಚ್ಚಿದ್ದರೆ ರಾಗಿ ಸೇರಿಸಿ: 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ.